17ರ ಹುಡುಗ, ಕಲ್ಲಂಗಡಿ ಚಾಕು: ಯಾವ ಥಿಯರಿ ಹಚ್ಚೋದ್ರಿ ಇದಕ್ಕ?

ಜೋಳದರೊಟ್ಟಿ_23
ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗ್ಯಾಗ ಎಲ್‌ಎಲ್‌ಬಿ ಓದ್ಲತ್ತೀನಿ. ಅಪರಾಧಶಾಸ್ತ್ರದ ಪೇಪರಿಗಿ ಸರ್ ಒಂದ್ ಕೇಸ್ ಕೊಟ್ಟಾರ, ಸೋಮವಾರ ಬರ್ದು ಕೊಡಬೇಕು. ಕೇಸ್ ಅವರೇ ಕಟ್ಟಿದ್ದು, ಖರೇ ನಡೆದದ್ದಲ್ಲ.

ಹುಡುಗಂಗ 17. ಎಸ್ಸೆಸ್ಸೆಲ್ಸಿ ಗಣಿತದಾಗ ಎರಡು ಸಲ ಫೇಲ್. ಅಪ್ಪ ಪುಣೆದಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ, ವರ್ಷಕ್ಕ ಎರಡು ಸಲ ಬರ್ತಾನ. ಅವ್ವ ದಾಲ್‌ಮಿಲ್‌ನಾಗ. ಅಣ್ಣಂಗ 21, ಬೆಂಗಳೂರಾಗ ಡೆಲಿವರಿ ಕೆಲಸ, ಅವಂದು ಏನೂ ಕಿರಿಕಿರಿ ಇಲ್ಲ. ಈ ಹುಡುಗ ಮೊಬೈಲ್ ರಿಪೇರಿ ಅಂಗಡ್ಯಾಗ ಇದ್ದ. 15 ವರ್ಷದವ ಇದ್ದಾಗ ದೋಸ್ತರ ಜೋಡಿ ಬೈಕ್ ಕಳವಿನಾಗ ಸಿಕ್ಕಿದ್ದ. ಆಮ್ಯಾಲ ಓಣ್ಯಾಗ ಏನ್ ಕಳುವಾದ್ರೂ ಮೊದಲ ಇವರ ಮನಿ ಬಾಗಲಾನೇ ಬಡೀತಿದ್ರು. ಮೇ ತಿಂಗಳ ಒಂದಿನ ಬಾಜೂ ಓಣಿ ಹುಡುಗ ಒಬ್ಬ, 19 ವರ್ಷದವ, ಇವನ ಅಪ್ಪನ ಮ್ಯಾಲ ಏನೋ ಸ್ಟೇಟಸ್ ಇಟ್ಟ. ಸಂಜಿಮುಂದ ಕಲ್ಲಂಗಡಿ ಬಂಡಿ ಹತ್ರ ಇಬ್ಬರೂ ಎದುರಾದ್ರು. ನಾಕು ಮಂದಿ ದೋಸ್ತರು ವಿಡಿಯೋ ಮಾಡ್ಲತ್ತಿದ್ರು. ಬಂಡಿ ಮ್ಯಾಲಿನ ಚಾಕು ಎತ್ಕೊಂಡು ಹೊಟ್ಟಿಗಿ ಒಂದೇ ಏಟು. ಅವ ಉಳಕೊಂಡ.

ಪ್ರಶ್ನೆ: ಯಾವ ಸಿದ್ಧಾಂತ ಈ ಕೃತ್ಯವನ್ನು ಹೆಚ್ಚು ಚೆನ್ನಾಗಿ ವಿವರಿಸುತ್ತದೆ, ಕನಿಷ್ಠ ಮೂರನ್ನು ಹೋಲಿಸಿ ಬರೆಯಿರಿ. ನಾ ಮರ್ಟನ್‌ನ ಒತ್ತಡದ ಥಿಯರಿ ಬರೀಬೇಕಂತ ಮಾಡೀನಿ. ಬಡತನ ಅದ, ದೊಡ್ಡ ಆಸೆ ಅದ, ದಾರಿ ಬಂದ್ ಅದ. ಬರೋಬರ್ ಅದೇನ್ರಿ?

ಜಗತ್_ಸರ್ಕಲ್
ಇಲ್ಲ. ಮರ್ಟನ್ ಬೈಕಿಗಿ ಹತ್ತತಾನ, ಚಾಕೂಗ ಹತ್ತಲ್ಲ.

ನಿವೃತ್ತ_ಮೇಷ್ಟ್ರು
ಜಗತ್ ಅವರು ಒಂದೇ ಸಾಲಿನಲ್ಲಿ ಹೇಳಿದ್ದು ಸರಿಯಿದೆ, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರ್ಟನ್ 1938ರಲ್ಲಿ ಬರೆದದ್ದು ಇಷ್ಟು: ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಎಲ್ಲರಿಗೂ ಕೊಡುವುದಿಲ್ಲ. ಆಗ ಜನ ಐದು ಬಗೆಯಲ್ಲಿ ಹೊಂದಿಕೊಳ್ಳುತ್ತಾರೆ. ಅದರಲ್ಲಿ ಒಂದು, ಗುರಿ ಬಿಡದೆ ಅಡ್ಡದಾರಿ ಹಿಡಿಯುವುದು. ಬೈಕ್ ಬೇಕು, ದುಡ್ಡಿಲ್ಲ, ಕದ್ದ. ಲೆಕ್ಕ ಸರಿ ಬಂತು. ಆದರೆ ಒಬ್ಬನ ಹೊಟ್ಟೆಗೆ ಚುಚ್ಚಿದರೆ ಹುಡುಗನಿಗೆ ಸಿಗುವುದೇನು? ಬೈಕೂ ಇಲ್ಲ, ಹಣವೂ ಇಲ್ಲ.

ಇದೇ ತಕರಾರನ್ನು ಆಲ್ಬರ್ಟ್ ಕೋಹೆನ್ 1955ರಲ್ಲೇ ಎತ್ತಿದ. ಹುಡುಗರ ಬಹಳಷ್ಟು ಪುಂಡಾಟದಲ್ಲಿ ಲಾಭದ ಲೆಕ್ಕವೇ ಇರುವುದಿಲ್ಲ, ಅಲ್ಲಿರುವುದು ಮಾನದ ಪ್ರಶ್ನೆ ಎಂದ. ಶಾಲೆಯ ಅಳತೆಗೋಲಿನಲ್ಲಿ ಸೋತವರು ತಮ್ಮದೇ ಬೇರೆ ಅಳತೆಗೋಲು ಮಾಡಿಕೊಳ್ಳುತ್ತಾರೆ. ಗಣಿತದಲ್ಲಿ ಎರಡು ಸಲ ಫೇಲಾದವನು ದೋಸ್ತರ ಕ್ಯಾಮೆರಾ ಮುಂದೆ ಫೇಲಾಗಲು ಒಪ್ಪಲಿಲ್ಲ ಎಂದು ಬರೆಯಿರಿ. ಒತ್ತಡದ ವಾದವನ್ನೇ ಹಿಡಿಯುವುದಾದರೆ ರಾಬರ್ಟ್ ಆಗ್ನ್ಯೂ 1992ರಲ್ಲಿ ಅದನ್ನು ತಿದ್ದಿದ್ದಾನೆ. ಅವನ ಪ್ರಕಾರ ಒತ್ತಡ ಅಂದರೆ ದುಡ್ಡಿನ ಕೊರತೆ ಒಂದೇ ಅಲ್ಲ. ಇದ್ದದ್ದು ಕಳೆದುಹೋಗುವುದು ಒತ್ತಡ, ಅವಮಾನ ಎದುರಾಗುವುದೂ ಒತ್ತಡ. ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಇಲ್ಲಿ ಅಪ್ಪನ ಮೇಲಿಟ್ಟ ಸ್ಟೇಟಸ್ ಬರೋಬ್ಬರಿ ಅಲ್ಲಿಗೇ ತಾಗುತ್ತದೆ.

ಸೇಡಂರೋಡ್_ಗಾಡಿ
ಥಿಯರಿ ಗೀಯರಿ ಎದಕ್ಕ್ರೀ. ಹುಟ್ಟುಗುಣ ಸುಟ್ಟರೂ ಹೋಗಲ್ಲ. 15ಕ್ಕ ಬೈಕ್, 17ಕ್ಕ ಚಾಕು. ಎರಡು ತಪರಾಕಿ ಅವಾಗೇ ಕೊಟ್ಟಿದ್ರ ಮುಗೀತಿತ್ತು.

ಜಗತ್_ಸರ್ಕಲ್
ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದಮ್ಯಾಲ ತಪರಾಕಿಗಿ ಹ್ಯಾಂಗ ಹೋಗ್ತದಣ್ಣ? ಒಂದೇ ಪೋಸ್ಟಿನ್ಯಾಗ ಎರಡು ಥಿಯರಿ ಕಲಸಿಬಿಟ್ಟಿ 😄

ಹಳೇ_ದಾಖಲೆ
ಸೇಡಂರೋಡ್ ಅವರ ಮಾತಿಗೆ ದೊಡ್ಡ ವಂಶಾವಳಿಯೇ ಇದೆ. ಇಟಲಿಯ ಲೊಂಬ್ರೋಸೊ 1876ರಲ್ಲಿ ಇದನ್ನೇ ಪುಸ್ತಕ ಮಾಡಿದ್ದ: ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ತಲೆಬುರುಡೆ, ದವಡೆ, ಕಿವಿ ನೋಡಿ ಗುರುತು ಹಿಡಿಯಬಹುದು. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಎಂಬ ಜೈಲು ಡಾಕ್ಟರ್ ಸುಮಾರು 3,000 ಕೈದಿಗಳನ್ನು ಅಳೆದು ನೋಡಿದ. ಅಂಥ ಬೇರೆ ಬಗೆಯ ಮನುಷ್ಯ ಅವನಿಗೆ ಸಿಗಲಿಲ್ಲ.

ಅದು ಎಲ್ಲೋ ಇಟಲಿಯ ಕತೆ ಅಂತ ಬಿಡುವಂತಿಲ್ಲ. ಲೊಂಬ್ರೋಸೊಗಿಂತ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ನಮ್ಮಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಪೂರ್ತಿ ಸಮುದಾಯಗಳನ್ನೇ ಹುಟ್ಟುಕಳ್ಳರು ಎಂದು ರಿಜಿಸ್ಟರಿನಲ್ಲಿ ಬರೆದರು. ಹಾಜರಿ ಕೊಡಬೇಕು, ಪಾಸಿಲ್ಲದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಉಳಿದಿರುವುದು ಅದರಿಂದಲೇ. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಹುಟ್ಟುಗುಣ ಅನ್ನುವ ಮುಂಚೆ ಇದೊಂದು ನೆನಪಿರಲಿ.

ಸೇಡಂರೋಡ್_ಗಾಡಿ
ನಾ ಯಾವ ಸಮುದಾಯದ ಬಗ್ಗೂ ಹೇಳಿಲ್ಲ. ಒಬ್ಬ ಹುಡುಗನ ಬಗ್ಗೆ ಹೇಳಿದ್ದು.

ಹಳೇ_ದಾಖಲೆ
ಒಪ್ಪಿದೆ. ಆದರೆ ಓಣಿಯವರು ಏನ್ ಕಳುವಾದರೂ ಅವನ ಮನೆ ಬಾಗಿಲು ಬಡೀತಿದ್ದರು ಅಂತ ಕೇಸಿನಲ್ಲೇ ಇದೆಯಲ್ಲ, ಅದೂ ಒಂದು ರಿಜಿಸ್ಟರೇ. ಲೆಮರ್ಟ್ 1951ರಲ್ಲಿ ಮೊದಲ ತಪ್ಪು ಬೇರೆ, ಹಣೆಪಟ್ಟಿ ಬಿದ್ದಮೇಲಿನ ತಪ್ಪು ಬೇರೆ ಅಂದ. ಹವರ್ಡ್ ಬೆಕರ್ 1963ರಲ್ಲಿ ಅದನ್ನೇ ಮುಂದಕ್ಕೆ ಒಯ್ದ. ಕಳ್ಳ ಕಳ್ಳ ಅಂದು ಅಂದು ಊರೇ ಒಬ್ಬನನ್ನು ಕಳ್ಳನ ಜಾಗಕ್ಕೆ ಕೂರಿಸಿಬಿಡುತ್ತದೆ.

ನಿವೃತ್ತ_ಮೇಷ್ಟ್ರು
ಆದರೆ ಓಣಿ ಅವನನ್ನು ಕಳ್ಳ ಅಂದಿತ್ತು. ಅವನು ಮಾಡಿದ್ದು ಕಳವಲ್ಲ. ಹಣೆಪಟ್ಟಿ ವಾದ ಇಲ್ಲಿ ಸ್ವಲ್ಪ ಕುಂಟುತ್ತದೆ, ಅದನ್ನೂ ಬರೆಯಿರಿ, ಅಂಕ ಸಿಗುತ್ತದೆ.

ಅಪ್ಪನಕೆರಿ_ದಂಡಿ
ಎಲ್ಲಾ ರೀಲ್ಸ್ ನೋಡಿ ನೋಡಿ ಆಗ್ಲತ್ತದ್ರಿ. ಮಚ್ಚು ಲಾಂಗು ಹಿಡಕೊಂಡು ಸ್ಲೋ ಮೋಷನ್‌ನಾಗ ನಡೆಯೋದು. ನಮ್ಮ ಕಾಲದಾಗ ಇದೆಲ್ಲಿತ್ತು?

ಟಾಂಗಾಸ್ಟ್ಯಾಂಡ್
ನಿಮ್ಮ ಕಾಲದಾಗ ಜಾತ್ರ್ಯಾಗ ಬಡಗಿ ತಗೊಂಡು ತಲಿ ಒಡೀತಿದ್ರು ಅಂತ ನಮ್ಮಜ್ಜ ಹೇಳ್ತಿದ್ದ. ರೀಲ್ಸ್ ಇರ್ಲಿಲ್ಲ, ತಲಿ ಮಾತ್ರ ಒಡದೇ ಒಡೀತಿದ್ವು.

ನಿವೃತ್ತ_ಮೇಷ್ಟ್ರು
ಅಮೆರಿಕದ ಅಪರಾಧಶಾಸ್ತ್ರಜ್ಞ ಸದರ್‌ಲ್ಯಾಂಡ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಅವನ ಒಂಬತ್ತು ಸೂತ್ರಗಳ ಕೊನೆಯ ರೂಪ ಬಂದದ್ದು 1947ರಲ್ಲಿ. ಅಪರಾಧವನ್ನು ಕಲಿಯುತ್ತಾರೆ, ಕಲಿಯುವುದು ಹತ್ತಿರದವರ ಸಹವಾಸದಲ್ಲಿ. ಸಿನಿಮಾ, ಪತ್ರಿಕೆಗಳ ಪಾತ್ರ ಕಡಿಮೆ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಸಹವಾಸ ಎಷ್ಟು ಸಲ, ಎಷ್ಟು ಕಾಲ, ಎಷ್ಟು ಚಿಕ್ಕಂದಿನಿಂದ, ಎಷ್ಟು ಆಪ್ತವಾಗಿ, ಇವೇ ಮುಖ್ಯ. ಬರೀ ಕೈಚಳಕ ಕಲಿಯುವುದಲ್ಲ, "ಇದು ತಪ್ಪಲ್ಲ" ಎನ್ನುವ ಸಮಜಾಯಿಷಿಯನ್ನೂ ಕಲಿಯುತ್ತಾರೆ. ಪಾಪ, ಅವನ ಕಾಲದಲ್ಲಿ ದೋಸ್ತನೇ ಸಿನಿಮಾ ತೆಗೆಯುವಂತಿರಲಿಲ್ಲ. ಈ ಕೇಸಿನಲ್ಲಿ ಸಹವಾಸವೂ ಅವರೇ, ಕ್ಯಾಮೆರಾವೂ ಅವರೇ.

ಹುಮನಾಬಾದ್_ಬೇಸ್
ಅಂದ್ರ ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನೋದಕ್ಕ ಅಮೆರಿಕದಾಗ ಒಂಬತ್ತು ಸೂತ್ರ ಬರದ್ರು ಅಂತಾಯ್ತು.

ಜಗತ್_ಸರ್ಕಲ್
ಗಾದಿಗಿ ಥಿಯರಿ ಹಚ್ಚೋ ಆಟ ಚಲೋ ಅದ. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಲೊಂಬ್ರೋಸೊ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಗಾಟ್‌ಫ್ರೆಡ್‌ಸನ್ ಮತ್ತು ಹಿರ್ಶಿ, 1990. ಮುಂದಿಂದು ಯಾರ್ ಹೇಳ್ತೀರಿ?

ಟಾಂಗಾಸ್ಟ್ಯಾಂಡ್
ಕೋಪದಾಗ ಕೊಯ್ಕೊಂಡ ಮೂಗು ಶಾಂತಿಲೆ ಬರಲ್ಲ. ಇದು ಯಾರದು?

ಜಗತ್_ಸರ್ಕಲ್
ಅದು ನಮ್ಮವ್ವಂದು.

ಶಹಾಬಾದ್_ಫರ್ಸಿ
ಗಾದಿ ಸಾಕು. ನಾ ಒಂದ್ ಕೇಳ್ತೀನಿ. ಇಷ್ಟು ಮಂದಿ ಬರದ್ರಿ, ಒಬ್ಬರೂ ಅಣ್ಣನ ಬಗ್ಗೆ ಕೇಳವಲ್ರಿ. ಅದೇ ಬಡತನ, ಅದೇ ಓಣಿ, ಅದೇ ಹೊಟ್ಟಿ. ಬಡತನದಿಂದ ಆತು ಅಂದ್ರ ಅಣ್ಣ ಯಾಕ ಚುಚ್ಚಲಿಲ್ಲ? ಹುಟ್ಟುಗುಣ ಅಂದ್ರ ಅವನೂ ಅದೇ ಅವ್ವನ ಮಗ. ನಮ್ಮ ಮನ್ಯಾಗೂ ಇಬ್ಬರು ಅದಾರ, ಒಬ್ಬ ಸಾಲಿ ಮಾಸ್ತರ, ಇನ್ನೊಬ್ಬನ ಸುದ್ದಿ ಬ್ಯಾಡ. ಅದಕ್ಕೇ ಕೇಳ್ಲತ್ತೀನಿ.

ನಿವೃತ್ತ_ಮೇಷ್ಟ್ರು
ಟ್ರಾವಿಸ್ ಹಿರ್ಶಿ 1969ರಲ್ಲಿ ಹೀಗೇ ಪ್ರಶ್ನೆಯನ್ನು ಬುಡಮೇಲು ಮಾಡಿದ. ಕೆಲವರು ಯಾಕೆ ಮಾಡುತ್ತಾರೆ ಅಂತ ಕೇಳಬೇಡಿ, ಉಳಿದವರು ಯಾಕೆ ಮಾಡುವುದಿಲ್ಲ ಅಂತ ಕೇಳಿ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಎಂಬಲ್ಲಿ 4,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ನಾಲ್ಕು ಕಟ್ಟು ಹೇಳಿದ: ಮನೆಯವರ ಮೇಲಿನ ಅಕ್ಕರೆ, ಕಳೆದುಕೊಳ್ಳಲು ಏನಾದರೂ ಇರುವುದು, ಕೈತುಂಬ ಕೆಲಸ, ನಿಯಮದ ಮೇಲೆ ನಂಬಿಕೆ. ಅವ್ವ ಎದುರಿಗೆ ಇರಬೇಕಾಗಿಲ್ಲ, ಆ ಗಳಿಗೆಯಲ್ಲಿ "ಅವ್ವಗ ಗೊತ್ತಾದ್ರ?" ಅನ್ನೋದು ತಲೆಗೆ ಬಂದರೆ ಸಾಕು ಎಂಬುದು ಅವನ ವಾದ.

ಜೋಳದರೊಟ್ಟಿಯವರೇ, ಅಪ್ಪ ಪುಣೆಗೆ ಹೋಗಿ ಎಷ್ಟು ವರ್ಷವಾಯಿತು ಅಂತ ಕೇಸಿನಲ್ಲಿ ಇದೆಯೇ?

ಜೋಳದರೊಟ್ಟಿ_23
ಅಯ್ಯೋ ಅದ ಸರ್, ನಾ ಬಿಟ್ಟುಬಿಟ್ಟಿದ್ದೆ. ಆರು ವರ್ಷದ ಹಿಂದ. ಬೇಕಾಗ್ತದಂತ ಅನ್ಸಲಿಲ್ಲ.

ಶಹಾಬಾದ್_ಫರ್ಸಿ
ಅದೇ ಬೇಕಾಗಿತ್ತು ತಮ್ಮಾ! ಅವಾಗ ಅಣ್ಣಂಗ 15, ಇವಂಗ 11. ಒಂದೇ ಮನಿ ಅಲ್ಲ ಅದು. ಅಣ್ಣ ಬೆಳದ ಮನ್ಯಾಗ ಅಪ್ಪ ಇದ್ದ. ಇವ ಬೆಳದ ಮನ್ಯಾಗ ಅವ್ವ ಮಿಲ್ಲಿಗಿ ಹೋಗಿದ್ಲು, ಅಪ್ಪ ಫೋನಿನ್ಯಾಗ ಇದ್ದ. ಹಬ್ಬಕ್ಕ ಬಂದ ಅಪ್ಪ ಬೈತಾನೋ, ಮುದ್ದು ಮಾಡ್ತಾನೋ ಅನ್ನೋದ್ರಾಗೇ ಎಂಟು ದಿನ ಹೋಗ್ತಾವ.

ಜಗತ್_ಸರ್ಕಲ್
ತಡೀರಿ, ಇಲ್ಲಿ ಖರೇ ಮಜಾ ಅದ. ಇದೇ ಹಿರ್ಶಿ 1990ರಾಗ ಗಾಟ್‌ಫ್ರೆಡ್‌ಸನ್ ಜೋಡಿ ಸೇರಿ ಬ್ಯಾರೇನೇ ಹೇಳ್ದ: ಎಲ್ಲಾ ಸ್ವನಿಯಂತ್ರಣದ ಮಾತು, ಅದು ಎಂಟು ಹತ್ತು ವರ್ಷದ ಒಳಗೇ ಕುಂದ್ರುತ್ತದ, ಆಮ್ಯಾಲ ಭಾಳ ಬದಲಾಗಲ್ಲ. ಹಂಗಂದ್ರ 11ಕ್ಕ ಅಪ್ಪ ಹೋದದ್ದು ಲೆಕ್ಕಕ್ಕೇ ಬರಬಾರದು. 1969ರ ಹಿರ್ಶಿ ಕೇಳಿದ್ರ ಅದೇ ದೊಡ್ಡ ಲೆಕ್ಕ. ಮೂರು ಥಿಯರಿ ಹುಡುಕಬ್ಯಾಡ, ಒಬ್ಬನೇ ಮನುಷ್ಯನ ಎರಡು ಥಿಯರಿ ಎದುರಾಬದುರಾ ನಿಂದರ್ಸು, ಸರ್ ಖುಷಿ ಆಗ್ತಾರ.

ಜೋಳದರೊಟ್ಟಿ_23
ಭಾರಿ ಅದ ಇದು. ಆದ್ರ ಕನಿಷ್ಠ ಮೂರು ಅಂದಾರ್ರಿ.

ಗುಳೆ_ಹೋದವ_ಯಾದಗಿರಿ
ಅಪ್ಪ ದುಡಿಲಾಕ ಹೋದದ್ದೇ ತಪ್ಪು ಅನ್ನೋ ಹಂಗ ಬರೀಬ್ಯಾಡ್ರಿ. ನಮ್ಮ ಜಿಲ್ಲಾದಾಗ ಊರಿಗೂರೇ ಬೆಂಗಳೂರು, ಮುಂಬೈ, ಪುಣೆ ಅಂತ ಹೋಗ್ತಾವ. ನಾನೂ ಎರಡು ಮಕ್ಕಳನ್ನ ಅವರಜ್ಜಿ ಹತ್ರ ಬಿಟ್ಟು ಬಂದೀನಿ, ಈಗ ಸೈಟಿನ್ಯಾಗ ಕುಂತು ಇದನ್ನ ಓದ್ಲತ್ತೀನಿ. ನಮ್ಮ ಮಕ್ಕಳು ಚಾಕು ಹಿಡಿದಿಲ್ಲ.

ಶಹಾಬಾದ್_ಫರ್ಸಿ
ತಪ್ಪು ಅನ್ನಲಿಲ್ಲಣ್ಣ. ಮನಸಿಗಿ ಹಚ್ಕೋಬ್ಯಾಡ. ಅವನೇನು ಸುಖಕ್ಕ ಹೋಗಿದ್ನಾ.

ಬಿಸಿಲ_ನಾಡು
ಮೇ ತಿಂಗಳು, ಕಲಬುರಗಿ, ಸಂಜಿ ಐದಕ್ಕೂ 42 ಡಿಗ್ರಿ, ಕರೆಂಟ್ ಇಲ್ಲ. ಥಿಯರಿ ಎದಕ್ಕ ಬೇಕು, ನನಗೂ ಯಾರಿಗರ ಹೊಡೀಬೇಕು ಅನಸ್ತದ 😂

ಹಳೇ_ದಾಖಲೆ
ತಮಾಷೆಗೆ ಹೇಳಿದ್ದೀರಿ, ಆದರೆ ಬೆಲ್ಜಿಯಂನ ಕೆಟ್ಲೆ 1830ರ ದಶಕದಲ್ಲೇ ಫ್ರಾನ್ಸಿನ ಅಂಕಿಸಂಖ್ಯೆ ಹಿಡಿದು ಇದನ್ನು ಬರೆದಿದ್ದ. ಹೊಡೆದಾಟ ಬಡಿದಾಟ ಬೇಸಿಗೆಯಲ್ಲಿ ಹೆಚ್ಚು, ಕಳವು ಚಳಿಗಾಲದಲ್ಲಿ ಹೆಚ್ಚು. ಹರೆಯ ಕಳೆದು ವಯಸ್ಸಾಗುತ್ತಾ ಹೋದಂತೆ ಅಪರಾಧ ಇಳಿಯುತ್ತದೆ ಎಂಬುದನ್ನೂ ಅವನು ಆಗಲೇ ಗುರುತಿಸಿದ್ದ.

ಬಿಸಿಲ_ನಾಡು
ನೋಡ್ರಿ, ನಮ್ಮ ಬಿಸಿಲಿಗೂ ಒಬ್ಬ ವಿದ್ವಾಂಸ ಸಿಕ್ಕ.

ಹುಡುಕುವವ_7
[ಈ ಪೋಸ್ಟ್ ಅಳಿಸಲಾಗಿದೆ]

ನಿರ್ವಾಹಕ
ಕೇಸ್ ಕಟ್ಟಿದ್ದು ಅಂತ ಮೊದಲೇ ಹೇಳಿದ್ದಾರೆ. ಆದರೂ "ಇದು ಆ ಓಣಿಯ ಕೇಸಲ್ಲವೇ" ಅಂತ ಓಣಿಯ ಹೆಸರು, ಅಪ್ಪನ ಹೆಸರು ಎಲ್ಲ ಹಾಕಿದ್ದೀರಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪ್ರಕರಣದಲ್ಲಿರುವ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಮ್ಮೆ ಹಾಕಿದರೆ ಖಾತೆ ಬಂದ್.

ಸೇಡಂರೋಡ್_ಗಾಡಿ
ಮಗು ಅಂತ, ಮಗು! ಹೊಟ್ಟಿಗಿ ಚಾಕು ಹಾಕ್ದವ ಮಗು. ಈಗ ವಯಸ್ಸು 16ಕ್ಕ ಇಳಿಸ್ಯಾರಲ್ಲ, ದೊಡ್ಡವರ ಕೋರ್ಟಿಗೇ ಹೋಗ್ತಾನ ಬಿಡ್ರಿ.

ಕಪ್ಪುಕೋಟು_ಕಲಬುರಗಿ
ವಯಸ್ಸು ಇಳಿಸಿಲ್ಲ, 18 ಇದ್ದದ್ದು 18ರಲ್ಲೇ ಇದೆ. ದೆಹಲಿಯ 2012ರ ಘಟನೆಯ ನಂತರ ಬಂದ 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಾಯಿತು. ಅದರ ಪ್ರಕಾರ 16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿದ ಆರೋಪ ಇದ್ದರೆ ಬಾಲನ್ಯಾಯ ಮಂಡಳಿ 15ನೇ ಕಲಂ ಅಡಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮ ತಿಳಿಯುತ್ತಿತ್ತೇ, ಯಾವ ಸಂದರ್ಭದಲ್ಲಿ ಆಯಿತು, ಇಷ್ಟು ನೋಡಿದ ಮೇಲೆ ಬೇಕಿದ್ದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ.

ಆದರೆ ಈ ಹುಡುಗನಿಗೆ ಅದೂ ಅನ್ವಯಿಸುವುದಿಲ್ಲ, ಇಲ್ಲೇ ಬಹಳ ಮಂದಿ ಎಡವುತ್ತಾರೆ. ಘೋರ ಅಪರಾಧ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರಬೇಕು. ಕೊಲೆ ಯತ್ನ, ಅಂದರೆ ಮೊದಲಿನ ಐಪಿಸಿ 307, ಈಗಿನ ಭಾರತೀಯ ನ್ಯಾಯ ಸಂಹಿತೆಯ 109. ಅದರಲ್ಲಿ ಗಾಯವಾದರೆ ಜೀವಾವಧಿಯವರೆಗೂ ಕೊಡಬಹುದು, ಆದರೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಕನಿಷ್ಠ ಮಿತಿ ಇಲ್ಲ. ಅಂಥವು ಘೋರದಲ್ಲಿ ಬರುವುದಿಲ್ಲ, ಗಂಭೀರದಲ್ಲಿ ಬರುತ್ತವೆ ಎಂದು ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು, ಆಮೇಲೆ 2021ರ ತಿದ್ದುಪಡಿಯಲ್ಲೂ ಅದನ್ನು ಸೇರಿಸಿದರು. ಹಾಗಾಗಿ ಮಂಡಳಿಯೇ ವಿಚಾರಣೆ ಮಾಡುತ್ತದೆ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ.

ಟಾಂಗಾಸ್ಟ್ಯಾಂಡ್
ಅಂದ್ರ ಆ 19ರ ಹುಡುಗ ಸತ್ತಿದ್ರ?

ಕಪ್ಪುಕೋಟು_ಕಲಬುರಗಿ
ಕೊಲೆಗೆ ಕನಿಷ್ಠವೇ ಜೀವಾವಧಿ. ಆಗ ಘೋರ. ಆಗ 15ನೇ ಕಲಂ. ಚಾಕು ಒಂದಿಂಚು ಆಚೆ ಬಿದ್ದಿದ್ದರೆ ಇದೇ ಹುಡುಗ, ಇದೇ ಅಪ್ಪ, ಇದೇ ಸ್ಟೇಟಸ್, ಕಾನೂನು ಮಾತ್ರ ಬೇರೆ.

ಶಹಾಬಾದ್_ಫರ್ಸಿ
ಆ ಒಂದಿಂಚಿಗಿ ಥಿಯರಿ ಯಾರ ಹತ್ರ ಅದ?

ಜಗತ್_ಸರ್ಕಲ್
ಹತ್ತಿರ ಹತ್ತಿರ ಅಂದ್ರ ಕೋಹೆನ್, ಫೆಲ್ಸನ್, 1979. ಇವ ಲಾರೆನ್ಸ್ ಕೋಹೆನ್, ಮ್ಯಾಲಿನ ಆಲ್ಬರ್ಟ್ ಅಲ್ಲ, ಕಲಸಬ್ಯಾಡ್ರಿ. ಮಾಡೋ ಮನಸಿರೋವ, ಕೈಗಿ ಸಿಗೋ ಗುರಿ, ತಡಿಯೋರು ಇಲ್ಲದಿರೋದು. ಮೂರೂ ಒಂದೇ ಹೊತ್ತಿಗಿ, ಒಂದೇ ಜಾಗಕ್ಕ ಕೂಡಿದ್ರ ಅಪರಾಧ. ಇಲ್ಲಿ ನಾಕು ಮಂದಿ ನಿಂತಿದ್ರು, ನಾಕೂ ಮಂದಿ ಕೈಯಾಗ ಫೋನ್. ಒಬ್ಬನ ಕೈ ಖಾಲಿ ಇದ್ದಿದ್ರ ಹಿಡೀತಿದ್ದ. ಚಾಕುನೂ ಅವ ಮನಿಯಿಂದ ತಂದದ್ದಲ್ಲ. ಕಲ್ಲಂಗಡಿ ಬಂಡಿ ಬದಲಿ ಕಬ್ಬಿನ ಹಾಲಿನ ಬಂಡಿ ಇದ್ದಿದ್ರ ಒಂದು ಗ್ಲಾಸ್ ಎತ್ತಿ ಒಗೀತಿದ್ದ, ಆರು ಹೊಲಿಗಿ ಬೀಳ್ತಿದ್ವು.

ನಿವೃತ್ತ_ಮೇಷ್ಟ್ರು
ಇದು ಘಟನೆಯನ್ನು ವಿವರಿಸುತ್ತದೆ, ಹುಡುಗನನ್ನಲ್ಲ. ಮಾಡುವ ಮನಸ್ಸು ಎಲ್ಲಿಂದ ಬಂತು ಎಂಬುದನ್ನು ಅವರು ಕೇಳುವುದೇ ಇಲ್ಲ, ಇದೆ ಅಂತ ಇಟ್ಟುಕೊಂಡೇ ಹೊರಡುತ್ತಾರೆ.

ಜಗತ್_ಸರ್ಕಲ್
ಪ್ರಶ್ನೆಯೂ "ಈ ಕೃತ್ಯ" ಅಂತನೇ ಅದ ಸರ್, "ಈ ಹುಡುಗ" ಅಂತಿಲ್ಲ. ಮ್ಯಾಲ ಹೋಗಿ ಓದ್ರಿ.

ನಿವೃತ್ತ_ಮೇಷ್ಟ್ರು
ಓದಿದೆ. ನೀವೇ ಸರಿ. 31 ವರ್ಷ ಪ್ರಶ್ನೆಪತ್ರಿಕೆ ತೆಗೆದವನು ನಾನು, ಪ್ರಶ್ನೆಯನ್ನೇ ಸರಿಯಾಗಿ ಓದಿಲ್ಲ.

ನಮೂನೆ_ಆರು
ನಿನ್ನೆಯಿಂದ ಸುಮ್ಮನೆ ಓದುತ್ತಿದ್ದೆ. ಕೆಲವು ವರ್ಷ ಈ ಭಾಗದಲ್ಲಿ ಇಂಥ ಮಕ್ಕಳ ಸಾಮಾಜಿಕ ತನಿಖಾ ವರದಿ ಬರೆಯುವ ಕೆಲಸದಲ್ಲಿದ್ದೆ. ಅದಕ್ಕೊಂದು ನಮೂನೆ ಇದೆ, 2016ರ ಬಾಲನ್ಯಾಯ ಮಾದರಿ ನಿಯಮಗಳ ನಮೂನೆ 6. ಮನೆಯಲ್ಲಿ ಯಾರಿದ್ದಾರೆ, ಶಾಲೆ ಬಿಟ್ಟದ್ದೇಕೆ, ದೋಸ್ತರು ಎಂಥವರು ಎಂದೆಲ್ಲ ಕೇಳುತ್ತದೆ. ಅಪರಾಧಕ್ಕೆ ಕಾರಣ ಏನೆಂಬ ಕಡೆ ತಂದೆತಾಯಿಯ ನಿರ್ಲಕ್ಷ್ಯ, ಅತಿ ಮುದ್ದು, ಗೆಳೆಯರ ಪ್ರಭಾವ, ನಶೆಗೆ ದುಡ್ಡು ಅಂತ ಸಾಲಾಗಿ ಇವೆ. ನೀವು ಎರಡು ದಿನದಿಂದ ಜಗಳಾಡುತ್ತಿರುವ ಹಿರ್ಶಿ, ಸದರ್‌ಲ್ಯಾಂಡ್ ಎಲ್ಲ ಅಲ್ಲಿ ಹೆಸರಿಲ್ಲದೆ ಕೂತಿದ್ದಾರೆ. ಎಲ್ಲಿ ಟಿಕ್ ಹಾಕುತ್ತೀನೋ ಅದೇ ಆ ಹುಡುಗನ ಕತೆಯಾಗಿ ಮಂಡಳಿಯ ಮುಂದೆ ಹೋಗುತ್ತದೆ.

ನಾನು ಕಂಡದ್ದು, ಪ್ರತಿಯೊಬ್ಬರಿಗೂ ತಮಗೆ ಬೇಕಾದ ಸಿದ್ಧಾಂತ ಬಾಯಲ್ಲೇ ಇರುತ್ತದೆ. ಅವ್ವ ಯಾವತ್ತೂ "ನನ್ನ ಮಗ ಚಲೋ ಇದ್ದ, ಸಂಗ ಕೆಟ್ಟಿತ್ತು" ಅನ್ನುತ್ತಾಳೆ. ಓಣಿಯವರು "ಮೊದಲಿಂದನೂ ಹಂಗೇ". ಅಪ್ಪ "ನಾ ಊರಾಗ ಇರಲಿಲ್ಲ". ಹುಡುಗ ಸೈಕ್ಸ್, ಮಾಟ್ಜಾ ಎಂಬ ವಿದ್ವಾಂಸರು 1957ರಲ್ಲಿ ಪಟ್ಟಿ ಮಾಡಿದ ಸಮಜಾಯಿಷಿಯ ಮಾತುಗಳನ್ನು ಓದದೆಯೇ ಒಪ್ಪಿಸುತ್ತಾನೆ: ಅವನೇ ಮೊದಲು ಕೈ ಮಾಡಿದ, ಬರೇ ಹೆದರಿಸಾಕ ಹಿಡಿದಿದ್ದೆ, ಅಪ್ಪನ ಮ್ಯಾಲ ಬಂದ್ರ ಸುಮ್ಮ ಇರ್ಬೇಕೇನು.

ಒಬ್ಬನ ಬಗ್ಗೆ ಹೇಳ್ತೀನಿ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎರಡು ತಾಸು ಕೇಳಿದರೂ ಹೂಂ, ಉಹುಂ ಬಿಟ್ಟರೆ ಬೇರೆ ಮಾತಿಲ್ಲ. ಅಂಗಿಯ ಒಂದು ಗುಂಡಿ ಹೋಗಿತ್ತು, ಅಲ್ಲಿ ಪಿನ್ ಹಾಕಿದ್ದ, ಮಾತಾಡುವಾಗೆಲ್ಲ ಆ ಪಿನ್ ತೆಗೆಯೋದು, ಹಾಕೋದು. ಏಳುವಾಗ ಅವನೇ ಕೇಳಿದ: "ಮೇಡಂ, ಅಂಗಡ್ಯಾಗ ಒಂದ್ ಫೋನ್ ಬಿಚ್ಚಿಟ್ಟು ಬಂದಿದ್ದೆ, ಡಿಸ್‌ಪ್ಲೇ ಹೊಸಾದು ಬಂದಿತ್ತು. ಯಾರರ ಕೂಡ್ಸಿ ಕೊಟ್ಟಾರೇನು?" ಇದನ್ನು ಬರೆಯುವ ಕಾಲಂ ನಮೂನೆಯಲ್ಲಿ ಸಿಗಲಿಲ್ಲ. ಕೊನೆಗೆ "ಇತರೆ" ಅನ್ನುವ ಕಡೆ ಬರೆದೆ. ಮೇಲಿನವರೊಬ್ಬರು ಅದನ್ನು ಹೊಡೆದುಹಾಕಿ ವರದಿ ಮುಂದೆ ಕಳಿಸಿದರು.

ಶಹಾಬಾದ್_ಫರ್ಸಿ
ಕಳೆದುಕೊಳ್ಳಲಾಕ ಅವಂಗೂ ಒಂದಿತ್ತು ಹಂಗಾದ್ರ.

ನಿವೃತ್ತ_ಮೇಷ್ಟ್ರು
ಹೌದು. 1969ರ ಹಿರ್ಶಿಗೂ ಅದು ಪೂರ್ತಿ ಹೊಂದುವುದಿಲ್ಲ. ಕಟ್ಟು ಇತ್ತು, ಆ ಸಂಜೆ ಹಿಡಿಯಲಿಲ್ಲ.

ಅಪ್ಪನಕೆರಿ_ದಂಡಿ
ಮುಂದ ಏನಾಗ್ತಾರ್ರಿ ಇಂಥವರು? ನಮ್ಮ ಕಡಿ ಹಿರೇರು ಮದಿ ಮಾಡ್ರಿ ಸರಿ ಹೋಗ್ತಾನ ಅಂತಾರ.

ಹಳೇ_ದಾಖಲೆ
ಹಿರಿಯರ ಮಾತಿಗೂ ಆಧಾರ ಉಂಟು. ಹಾರ್ವರ್ಡ್ ಲಾ ಸ್ಕೂಲಿನ ನೆಲಮಾಳಿಗೆಯಲ್ಲಿ ಬಾಸ್ಟನ್ನಿನ 500 ತಪ್ಪಿತಸ್ಥ ಹುಡುಗರ ಹಳೆಯ ದಾಖಲೆಗಳು ಪೆಟ್ಟಿಗೆ ಪೆಟ್ಟಿಗೆ ಬಿದ್ದಿದ್ದವು. ಸ್ಯಾಂಪ್ಸನ್, ಲಾಬ್ ಅದನ್ನು ಹೊರತೆಗೆದು 1993ರಲ್ಲಿ ಪುಸ್ತಕ ಬರೆದರು. ಒಳ್ಳೆಯ ಕೆಲಸ, ಒಳ್ಳೆಯ ದಾಂಪತ್ಯ ಸಿಕ್ಕವರು ಆ ದಾರಿ ಬಿಡುವುದು ಹೆಚ್ಚು. ಅದೇ ವರ್ಷ ಟೆರ್ರಿ ಮಾಫಿಟ್ ಎರಡು ಬಗೆ ಹೇಳಿದಳು: ಹರೆಯದಲ್ಲಿ ಮಾತ್ರ ದಾರಿ ತಪ್ಪಿ ಆಮೇಲೆ ಸರಿಹೋಗುವವರು ಬಹಳ ಮಂದಿ, ಚಿಕ್ಕಂದಿನಿಂದ ಕೊನೆಯವರೆಗೂ ಎಳೆಯುವವರು ಕೆಲವೇ ಮಂದಿ.

ಶಹಾಬಾದ್_ಫರ್ಸಿ
ಒಳ್ಳೆಯ ದಾಂಪತ್ಯ ಅಂತ ಬರದಾರ, ಮದಿ ಅಂತ ಬರದಿಲ್ಲ. ಸುಧಾರಿಸ್ಲಾಕ ನಿಮ್ಮ ಮಗಳನ್ನ ಕೊಡ್ತೀರೇನ್ರಿ ಮೊದಲ?

ಅಪ್ಪನಕೆರಿ_ದಂಡಿ
ಸೋತೆ ತಾಯಿ.

ಗುಳೆ_ಹೋದವ_ಯಾದಗಿರಿ
ಮಕ್ಕಳಿಗಿ ಫೋನ್ ಹಚ್ಚಿದ್ದೆ. ದೊಡ್ಡವ ಎತ್ತಲಿಲ್ಲ. ಕ್ರಿಕೆಟ್ ಆಡ್ಲಾಕ ಹೋಗ್ಯಾನಂತ.

ಜೋಳದರೊಟ್ಟಿ_23
ಬರ್ದು ಕೊಟ್ಟೆ. ಹಿರ್ಶಿ 1969, ಹಿರ್ಶಿ 1990, ಮೂರನೇದಕ್ಕ ಕೋಹೆನ್ ಫೆಲ್ಸನ್. ಕಪ್ಪುಕೋಟು ಸರ್ ಹೇಳಿದ ಒಂದಿಂಚು ಕೊನೀಗಿ ಹಾಕೀನಿ. ಹುಟ್ಟುಗುಣಕ್ಕ ಅರ್ಧ ಪುಟ ಕೊಟ್ಟೀನಿ, ಸೇಡಂರೋಡ್ ಅಣ್ಣ ಸಿಟ್ಟಾಗಬಾರದಂತ. ಸರ್ ಪುಟ ತಿರುವಿ ಒಂದೇ ಮಾತು ಕೇಳಿದ್ರು: "19ರ ಹುಡುಗನ ಬಗ್ಗೆ ಎಲ್ಲಿ ಬರದೀ?"

ಟಾಂಗಾಸ್ಟ್ಯಾಂಡ್
ಅಯ್ಯೋ. ಖರೇ ಅದ. ನಾವೂ ಒಬ್ಬರೂ ಕೇಳಲಿಲ್ಲ.